ಇಟ್ಟೊಗೆ ಬಂದ ಸಾವಿನ ಸಕ್ಕರೆ

ಐನ್ ಲೂಹ್,
ಬುಧವಾರ, ಸಂತೆಯ ದಿನ

ಪ್ರೀತಿಯ ಅಳಿಯ ಜವಾದ್‌ಗೆ,

ನಿನ್ನ ಸೋದರಮಾವ ಅಲ್ಲಾಲ್‌ನ ಸಲಾಮು. ಅಗಾದಿರ್‌ನ ಕಡಲ ಗಾಳಿಗೆ ನಿನ್ನ ಕೆಮ್ಮು ಇಳಿಯಿತೇ? ಹೊಟ್ಟೆ ತುಂಬ ಉಣ್ಣುತ್ತೀ ತಾನೇ? ನಾನು ಕಲ್ಲುಗುಂಡಿನ ಹಾಗಿದ್ದೇನೆ. ಮೊನ್ನೆ ಟಗರನ್ನು ಒಬ್ಬನೇ ಗಾಡಿಗೆ ಎತ್ತಿ ಹಾಕಿದೆ. ಇನ್ನಿಬ್ಬರು ಹಿಡಿದುಕೊಂಡಿದ್ದರು ಅನ್ನು.

ಫೋನಿನಲ್ಲಿ ಹೇಳಲು ಬಾಯಿ ಬಾರದೆ ಬರೆಯುತ್ತಿದ್ದೇನೆ. ಮೆಕ್ನೆಸ್‌ನ ಆಸ್ಪತ್ರೆಯಲ್ಲಿ ನನ್ನ ಪ್ರಾಸ್ಟೇಟ್ ಗ್ರಂಥಿಯನ್ನು ಕ್ಯಾನ್ಸರ್ ಸಮೇತ ಕಿತ್ತು ತೆಗೆದಾಗ ಹೊರಗೆ ಬೆಂಚಿನ ಮೇಲೆ ಕುಳಿತಿದ್ದವನು ನೀನೇ. ಅದರ ಜೊತೆಗೆ ಇನ್ನೇನು ಹೋಯಿತೆಂದು ನಿನಗೆ ಹೇಳಲಿಲ್ಲ. ಮದುವೆಯಾದವನು, ಅರ್ಥಮಾಡಿಕೋ. ಊರಿನ ಹೊಸ ಮದುವೆ ಗಂಡುಗಳನ್ನೆಲ್ಲ ಚುಡಾಯಿಸಿ ಪಾಠ ಹೇಳುತ್ತಿದ್ದ ಈ ಅಲ್ಲಾಲ್, ಮಂಡಿನೋವಿನ ನೆಪ ಹೂಡಿ ಹಾಸಿಗೆಯನ್ನು ಮಗ್ಗದ ಕೋಣೆಗೆ ಒಯ್ದ. ನಿನ್ನ ಅತ್ತೆ ಇಟ್ಟೊ ಮಂಡಿಗೆ ಎಣ್ಣೆ ತಿಕ್ಕಲು ಬಂದರೆ ಗದರಿ ಕಳಿಸಿದ.

ತಪಾಸಣೆಯ ದಿನ ಡಾಕ್ಟರರು, ಇದು ಸರಿಹೋಗಲು ವರ್ಷ ಎರಡು ವರ್ಷ ಹಿಡಿಯಬಹುದು, ಮಾತ್ರೆಯೂ ಇದೆ, ಪೂರಾ ಮೊದಲಿನಂತಾಗದೆಯೂ ಇರಬಹುದು, ಆದರೆ ಒಬ್ಬರನ್ನೊಬ್ಬರು ಮುಟ್ಟುವುದನ್ನು ಮಾತ್ರ ಬಿಡಬೇಡಿ, ಮುಂದಿನ ಸಲ ಹೆಂಡತಿಯನ್ನು ಕರೆತನ್ನಿ, ಇಬ್ಬರಿಗೂ ಕೂರಿಸಿ ಹೇಳುತ್ತೇನೆ ಎಂದರು. ನನ್ನ ಸೋಲನ್ನು ಇಟ್ಟೊ ಪರಗಂಡಸಿನ ಬಾಯಿಂದ ಕೇಳುವುದೇ? ಅವಳು ತೀರಿಕೊಂಡಳು ಎಂದುಬಿಟ್ಟೆ. ಡಾಕ್ಟರರು ನನ್ನ ಕೈ ಹಿಡಿದುಕೊಂಡರು. ನರ್ಸ್ ನಜಾತ್ ಕಣ್ಣೊರೆಸಿಕೊಂಡಳು. ನಾನೂ ಎರಡು ಹನಿ ಉದುರಿಸಿದೆ. ಅಳುವುದರಲ್ಲೂ ನಾನೇನು ಕಡಿಮೆಯಿಲ್ಲ.

ಆ ಹುಡುಗಿಯ ತವರು ಇಲ್ಲೇ ಪಕ್ಕದ ಅಜ್ರೂ ಎಂದು ನನಗೇನು ಗೊತ್ತು? ಹೋದ ಶುಕ್ರವಾರ, ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು, ನೀಲಿ ಕಾಗದ ಸುತ್ತಿದ ಸಕ್ಕರೆ ಗಟ್ಟಿ ಹಿಡಿದು ಬಂದಳು. ಬಾಗಿಲು ತೆಗೆದವಳು ಇಟ್ಟೊ.

"ಅಲ್ಲಾಲ್ ಕಾಕಾನ ಹೆಂಡ್ತಿ ಹೋಗ್ಬಿಟ್ರಂತೆ, ಪಾಪ. ನೀವು ಅವ್ರ ಅಕ್ಕನಾ?"

"ನನಗೂ ಈಗ್ಲೇ ಗೊತ್ತಾಗ್ತಿರೋದು. ಒಳಗ್ ಬಾ ಮಗಳೇ, ಚಾ ಕುಡಿದು ಹೋಗು" ಎಂದಳು ಇಟ್ಟೊ. ಒಂದು ಕೆಟಲಿನ ಚಹಾ ಮುಗಿಯುವುದರೊಳಗೆ ಡಾಕ್ಟರರು ಯಾಕೆ ಕರೆದದ್ದು, ನಾನು ಏನೆಂದದ್ದು ಎಲ್ಲವನ್ನೂ ಆ ಹುಡುಗಿಯ ಬಾಯಿಂದ ಹೊರಡಿಸಿದಳು. ಮಗ್ಗದ ಹಿಂದೆ ಅಡಗಿ ನಾನು ಎಲ್ಲವನ್ನೂ ಕೇಳಿಸಿಕೊಂಡೆ.

ನರ್ಸ್ ಹೋದ ಮೇಲೆ ಇಟ್ಟೊ ಕೂಗಾಡುತ್ತಾಳೆಂದು ಕಾದೆ. ಕೂಗಾಡಲಿಲ್ಲ. ಬಾಗಿಲಿಗೆ ಒರಗಿ ನಿಂತು, "ನಾನೇ ನಿನಗೆ ಬೇಡವಾದೆ ಅಂದ್ಕೊಂಡಿದ್ದೆ. ನನ್ನ ಹತ್ರ ಒಂದ್ ಮಾತು ಆಡೋದಕ್ಕಿಂತ ನನ್ನ ಸಾಯ್ಸೋದು ಸುಲಭ ಆಯ್ತಾ?" ಎಂದಳು. ಜವಾದ್, ಮರ್ಯಾದೆ ಉಳಿಸಿಕೊಳ್ಳಲು ಸುಳ್ಳು ಹೇಳಿದವನಿಗೆ ಅವತ್ತು ತಲೆ ಎತ್ತಲು ಆಗಲಿಲ್ಲ. ಇವತ್ತಿಗೂ ಅವಳ ಮುಖ ನೋಡಿ ರೊಟ್ಟಿ ಮುರಿಯಲಾರೆ.

ಮುಂದಿನ ವಾರದ ಗುರುವಾರ ಇಬ್ಬರೂ ಡಾಕ್ಟರರಲ್ಲಿಗೆ ಹೋಗಬೇಕೆಂದು ಅವಳ ಅಪ್ಪಣೆ. ನಿನ್ನ ಹೆಂಡತಿಗೂ ಮಗುವಿಗೂ ನನ್ನ ಹರಕೆ. ದೇವರು ನಿಮ್ಮಿಬ್ಬರನ್ನು ಒಂದೇ ಕಂಬಳಿಯಡಿ ಇಟ್ಟಿರಲಿ.

ನಿನ್ನ ಮಾವ,
ಅಲ್ಲಾಲ್

ಮತ್ತೆ: ಆ ಗುರುವಾರ ನೀನು ಬಂದು, ಅತ್ತೆ ಬದುಕಿದ್ದಾಳೆಂದು ಡಾಕ್ಟರರಿಗೆ ನನ್ನ ಪರವಾಗಿ ಹೇಳು ಎಂದು ಕೇಳಲಿಕ್ಕೇ ಈ ಕಾಗದ ಶುರುಮಾಡಿದ್ದು. ಬರಬೇಡ. ನಾನೇ ಹೇಳುತ್ತೇನೆ. ಈಗ ತಾನೇ ಇಟ್ಟೊ ತನ್ನ ದಿಂಬನ್ನು ಮಗ್ಗದ ಕೋಣೆಗೆ ತಂದು ನನ್ನ ಪಕ್ಕ ಹಾಕಿ ಮಧ್ಯಾಹ್ನದ ನಿದ್ದೆಗೆ ಮಲಗಿದಳು. ಅವಳ ಅಂಗೈ ನನ್ನ ಬೆನ್ನ ಮೇಲಿದೆ. ಅಕ್ಷರ ಸೊಟ್ಟಗಾಗಿರುವುದು ಅದಕ್ಕೇ.