ತಸೂಕಿಗೆ ಓದಿ ಹೇಳಿದ ಓಲೆ

ಕೆರೆಯಂಚಿನ ಊರು,
ಪೌನಿ ತಿಂಗಳ ಇಪ್ಪತ್ತನೆಯ ದಿನ

ಒಡಹುಟ್ಟಿದವನಂಥ ಗೆಳೆಯ ಪಲೇಮೋನನಿಗೆ ಕೋಪ್ರಿಸ್ ಮಾಡುವ ವಂದನೆ.

ನಿನ್ನ ಮೈ ನೆಟ್ಟಗಿರಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ. ಯಾರನ್ನು ಬೇಡಿಕೊಳ್ಳುತ್ತೇನೆ ಎಂದು ಮಾತ್ರ ಕೇಳಬೇಡ. ನಿನ್ನ ಓಲೆ ಉಪ್ಪಿನ ಒಂಟೆಯವನ ಕೈಯಲ್ಲಿ ಬಂದು ಹದಿನೆಂಟು ದಿನವಾಯಿತು. ಅವನು ಎರಡು ಸಲ ಮನೆಯ ಮುಂದೆ ಒಂಟೆ ನಿಲ್ಲಿಸಿ, "ಏನ್ ಗುಮಾಸ್ತರೇ, ಊರಿಗೆಲ್ಲ ಬರ್ಕೊಡ್ತೀರಿ, ನಿಮ್ದೊಂದು ಓಲೆ ಬರಿಯೋಕೆ ಇಷ್ಟು ದಿನ ಬೇಕಾ?" ಎಂದು ನಕ್ಕು ಹೋದ. ಹಾಳೆ ಇಲ್ಲ ಎಂದೆ. ಹಾಳೆ ಇತ್ತು. ತಡವಾದದ್ದಕ್ಕೆ ಕ್ಷಮಿಸು.

ಈ ವರ್ಷ ಕಾಲುವೆಯಲ್ಲಿ ನೀರು ಕಡಿಮೆ. ನಾವು ಕ್ರಿಸ್ತನವರು ಪ್ರಾರ್ಥನೆಗೆ ಸೇರುತ್ತಿದ್ದ ನೇಯ್ಗೆಯ ಮನೆಯಲ್ಲಿ ಈಗ ಯಾರೋ ಕತ್ತೆಗಳನ್ನು ಕಟ್ಟಿದ್ದಾರೆ. ಎಲ್ಲರೂ ದೇವತೆಗಳಿಗೆ ಬಲಿ ಕೊಡಲೇಬೇಕೆಂಬ ಚಕ್ರವರ್ತಿಯ ಅಪ್ಪಣೆಯ ಸುದ್ದಿ ಬಂದ ದಿನವೇ ನಿನ್ನನ್ನು ಬೆಟ್ಟಕ್ಕೆ ಕಳಿಸಬೇಕು, ಹಿರಿಯನಿಲ್ಲದಿದ್ದರೆ ಸಭೆಯೇ ಇರುವುದಿಲ್ಲ ಎಂದು ವಾದಿಸಿದವನು ನಾನು. ಈಗ ನೀನಿದ್ದೀಯ, ಸಭೆ ಇಲ್ಲ.

ನೀನು ನಿನ್ನ ತಾಯಿಯನ್ನು ಕೇಳಿದ್ದೀಯ. ಯಾರ ಮನೆಯಲ್ಲಿ ಉಣ್ಣುತ್ತಾಳೆ, ಮಂಡಿನೋವು ಹೇಗಿದೆ ಎಂದು. ಪಲೇಮೋನ್, ತಸೂಕಿ ಅವ್ವ ಹೋದ ತಿಂಗಳ ಇಪ್ಪತ್ತನಾಲ್ಕಕ್ಕೆ ತೀರಿಕೊಂಡಳು. ನಿನ್ನ ಓಲೆ ನನ್ನ ಕೈಸೇರುವ ಹೊತ್ತಿಗೆ ಅವಳನ್ನು ಮರಳಿಗೆ ಕೊಟ್ಟು ಎಂಟು ದಿನವಾಗಿತ್ತು.

ಹೇಗೆ ಎಂದು ಹೇಳಬೇಕು. ಮೊಸಳೆದೇವರ ಗುಡಿಯ ಅಂಗಳದಲ್ಲಿ ಬೆಂಕಿ ಹಾಕಿದ್ದರು. ಒಬ್ಬೊಬ್ಬರೇ ಹೋಗಿ ಚಿಟಿಕೆ ಧೂಪ ಹಾಕಿ, ಮದ್ಯ ಸುರಿದು, ಬಲಿಯ ಮಾಂಸ ಬಾಯಿಗಿಟ್ಟುಕೊಂಡರೆ ಬಲಿ ಕೊಟ್ಟದ್ದಕ್ಕೆ ಪ್ರಮಾಣಪತ್ರ, ಅದಿಲ್ಲದವರಿಗೆ ಸೆರೆ. ಅದನ್ನು ಬರೆಯುವ ಕೆಲಸ ನನ್ನದು, ರುಜು ಅಧಿಕಾರಿಗಳದು. ನಾನೂ ತಿಂದೆ. ಉಪ್ಪು ಜಾಸ್ತಿಯಾಗಿತ್ತು. ಆ ಕ್ಷಣಕ್ಕೆ ಏನೋ ಒಡೆಯುತ್ತದೆ ಎಂದುಕೊಂಡಿದ್ದೆ. ಉಪ್ಪು ಜಾಸ್ತಿ ಎನ್ನುವುದಷ್ಟೇ ಹೊಳೆಯಿತು.

ಅವ್ವ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಗದ್ದಲದಲ್ಲಿ ಅಧಿಕಾರಿಗಳು ತಲೆಯೆತ್ತಿ ಮುಖ ನೋಡುತ್ತಿರಲಿಲ್ಲ. ನನ್ನ ಹೆಂಡತಿ ಥೆರ್ಮೂಥಿ ಮುಸುಕೆಳೆದುಕೊಂಡು ಇನ್ನೊಂದು ಸಲ ಸಾಲಿನಲ್ಲಿ ನಿಂತಳು, ತಸೂಕಿಯ ಹೆಸರಿನಲ್ಲಿ. ಮನೆಗೆ ಬಂದವಳು ಬಾಯಿ ಮುಕ್ಕಳಿಸುತ್ತಾ, "ಎರಡು ಸಲ ತಿಂದಿದೀನಿ ಕಣ್ರೀ. ನರಕಕ್ಕೂ ಎರಡು ಸಲ ಹೋಗ್ಬೇಕಾಗತ್ತೋ ಏನೋ" ಎಂದಳು. ನಕ್ಕೆವು. ಆಮೇಲೆ ಅವಳು ಮೂರು ದಿನ ಉಣ್ಣಲಿಲ್ಲ.

ಅವ್ವನ ಹೆಸರಿನ ಪ್ರಮಾಣಪತ್ರ ಕೈಗೆ ಬಂತು. ಅದೇನೆಂದು ಹೇಳಿದರೆ ಅವ್ವ ಒಲೆಗೆ ಹಾಕುತ್ತಿದ್ದಳು. ಅದಕ್ಕೇ, "ನಿನ್ನ ಮಗನ ಓಲೆ ಬಂದಿದೆ" ಎಂದೆ.

ಅವಳಿಗೆ ಓದು ಬಾರದು, ಗ್ರೀಕು ಬಾರದು. ಹಾಳೆ ಹಿಡಿದು ನಮ್ಮ ಮಾತಿನಲ್ಲಿ ಓದಿದೆ. ನೀನು ಚೆನ್ನಾಗಿದ್ದೀಯ, ಗುಹೆಯ ಬಾಯಲ್ಲಿ ಒಂದು ಅಂಜೂರದ ಗಿಡ ಇದೆ, ಒಂದು ಮೇಕೆ ಸಾಕಿದ್ದೀಯ ಎಂದೆ. ಹಾಳೆಯನ್ನು ಕಣ್ಣಿಗೊತ್ತಿಕೊಂಡು ಸೊಂಟದ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಳು. "ಯಾರಾದ್ರೂ ಪತ್ರ ತೋರಿಸು ಅಂದ್ರೆ ಇದನ್ನೇ ಕೊಡವ್ವ. ಬಾಯಿ ಮಾತ್ರ ಬಿಡಬೇಡ" ಎಂದೆ.

"ನನ್ನ ಮಗ ಬರ್ದಿದ್ದು ಆ ನಾಯಿಗಳಿಗೆ ಯಾಕೋ?"

"ಅವರಿಗೂ ಓದೋಕೆ ಬರಲ್ಲ, ಹಾಳೆ ಇದೆಯಾ ಅಂತ ನೋಡಿ ಬಿಡ್ತಾರೆ."

ಅದಾದ ಮೇಲೆ ವಾರಕ್ಕೊಮ್ಮೆ ಬಂದು ನನ್ನ ಮುಂದೆ ಕೂತು ಓದಿಸಿಕೊಳ್ಳುತ್ತಿದ್ದಳು. ಒಮ್ಮೆ ಮೇಕೆಯನ್ನು ಮರೆತೆ. "ಲೋ, ಮೇಕೆ ಎಲ್ಲೋ?" ಎಂದಳು. "ಹೋದ ಸಲ ಇತ್ತಲ್ಲ. ನಡುವೆ ನುಂಗಿಬಿಟ್ಯಾ? ಕೂಲಿ ಕೊಡಲ್ಲ ಅಂತ ಅರ್ಧಕ್ಕರ್ಧ ಓದ್ತೀಯಾ?" ಅಂದಿನಿಂದ ಮೇಕೆಯನ್ನು ಬಿಡಲಿಲ್ಲ. ಬರುಬರುತ್ತಾ ನಾನೂ ಆ ಮೇಕೆಯನ್ನು ನಂಬಿದ್ದೆ. ನಿನ್ನ ನಿಜವಾದ ಓಲೆ ಬಂದಾಗ ಮೊದಲು ಅದನ್ನೇ ಹುಡುಕಿದೆ.

ಹೋದ ತಿಂಗಳು, ಪಾಶೋನ್‌ನಲ್ಲಿ, ಪಟ್ಟಣದಿಂದ ಹೊಸ ಅಧಿಕಾರಿ ಬಂದ. ಓಡಿಹೋದ ಹಿರಿಯರ ಮನೆಯವರ ಪ್ರಮಾಣಪತ್ರಗಳನ್ನು ಮತ್ತೆ ನೋಡಬೇಕಂತೆ. ಗುಡಿಯ ಅಂಗಳಕ್ಕೆ ಅವಳನ್ನು ಕರೆಸಿದರು. ಗುಮಾಸ್ತನಾಗಿ ನಾನು ಪಕ್ಕದಲ್ಲೇ ಇದ್ದೆ. ಅವ್ವ ಸೊಂಟದಿಂದ ಹಾಳೆ ತೆಗೆದುಕೊಟ್ಟಳು, ನಾನು ಹೇಳಿದ್ದಂತೆ ಬಾಯಿ ಬಿಡಲಿಲ್ಲ. ಅಧಿಕಾರಿ ಗ್ರೀಕಿನಲ್ಲಿ ಓದಿಕೊಂಡು ತಲೆಯಾಡಿಸಿದ. ಅಷ್ಟಕ್ಕೇ ಮುಗಿಯಬೇಕಿತ್ತು.

ಆದರೆ ಪಕ್ಕದೂರಿನ ಕಾವಲುಗಾರನೊಬ್ಬ ಬಗ್ಗಿ ಹಾಳೆ ನೋಡಿದ. ಅವನಿಗೆ ಗ್ರೀಕು ಓದಲು ಬರುತ್ತಿತ್ತು. ಹಲ್ಲು ಕಿರಿದು ನಮ್ಮ ಮಾತಿನಲ್ಲೇ ಜೋರಾಗಿ ಹೇಳಿದ: "ಶಭಾಷ್ ಅಜ್ಜಿ! 'ದೇವತೆಗಳಿಗೆ ಯಾವಾಗಲೂ ಬಲಿ ಕೊಡುತ್ತಾ ಬಂದಿದ್ದೇನೆ, ಈಗಲೂ ನಿಮ್ಮೆದುರಿಗೇ ಮದ್ಯ ಸುರಿದು ಮಾಂಸ ತಿಂದಿದ್ದೇನೆ.' ಮಗ ಬೆಟ್ಟದಲ್ಲಿ ಉಪವಾಸ, ಅಮ್ಮಂಗೆ ಇಲ್ಲಿ ಬಾಡೂಟ!"

ಅವ್ವ ಅವನನ್ನು ನೋಡಿದಳು, ಹಾಳೆಯನ್ನು ನೋಡಿದಳು. ಆಮೇಲೆ, ಸಂತೆಯಲ್ಲಿ ತಪ್ಪು ಅಳತೆ ಕೊಟ್ಟವನಿಗೆ ಹೇಳುವಷ್ಟೇ ಸಹಜವಾಗಿ ಹೇಳಿದಳು: "ಇಲ್ಲಪ್ಪ. ನಾನು ಹಂಗೇನೂ ಮಾಡಿಲ್ಲ. ನಾನು ಕ್ರಿಸ್ತನವಳು."

ಅಧಿಕಾರಿಗೆ ಅದು ಬೇಕಿರಲಿಲ್ಲ. "ಒಂದು ಚಿಟಿಕೆ ಹಾಕಿ ಮನೆಗೆ ಹೋಗು ಅಂತ ಹೇಳ್ರಯ್ಯ ಈ ಮುದುಕಿಗೆ" ಎಂದು ಕಾವಲುಗಾರರಿಗೆ ಹೇಳಿದ. ಅವರು ಅವಳ ಬೆರಳುಗಳ ನಡುವೆ ಧೂಪ ಇಟ್ಟು ಬೆಂಕಿಯ ಮೇಲೆ ಹಿಡಿದರು. ಉದುರಿದರೆ ಸಾಕಿತ್ತು, ತಾನೇ ಹಾಕಿದಳು ಎಂದು ಬರೆದುಕೊಳ್ಳುತ್ತಿದ್ದರು. ಅವಳು ಮುಷ್ಟಿ ಬಿಗಿ ಮಾಡಿಕೊಂಡಳು. ಬೆರಳು ಸುಟ್ಟರೂ ಬಿಡಲಿಲ್ಲ. ಕೊನೆಗೆ ಖಾಲಿ ಕಣಜದಲ್ಲಿ ಹಾಕಿ ಬಾಗಿಲು ಹಾಕಿದರು. ಮೂರನೆಯ ಮಧ್ಯಾಹ್ನ ತೆಗೆದಾಗ ಮುಗಿದಿತ್ತು. ಮುಷ್ಟಿ ಬಿಡಿಸಲು ನನ್ನಿಂದಾಗಲಿಲ್ಲ. ಹಾಗೇ ಮಣ್ಣು ಮಾಡಿದೆವು.

ಕೊನೆಯಲ್ಲಿ ಅವಳು ಯಾರ ಹೆಸರನ್ನೂ ಎತ್ತಲಿಲ್ಲ. ನೆಮ್ಮದಿಯಿಂದಿದ್ದಳು.

ನೀನಿರುವಲ್ಲಿ ನೆರಳಿರಲಿ, ನೀರಿರಲಿ. ನನ್ನಂಥವನ ಹಾರೈಕೆಯೂ ಎಲ್ಲಾದರೂ ಮುಟ್ಟುವುದಾದರೆ, ನಿನ್ನನ್ನೇ ಮುಟ್ಟಲಿ. ಥೆರ್ಮೂಥಿ ಒಣ ಅಂಜೂರ ಕಳಿಸಿದ್ದಾಳೆ.

ನಿನ್ನ
ಕೋಪ್ರಿಸ್

ಮತ್ತೆ: ಒಂಟೆಯವನು ನೀರು ಕುಡಿಸಲು ಹೋಗಿದ್ದಾನೆ, ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಅವಳು ಯಾರ ಹೆಸರನ್ನೂ ಎತ್ತಲಿಲ್ಲ ಎಂದದ್ದು ಸುಳ್ಳು. ಪ್ರಮಾಣಪತ್ರದಲ್ಲಿ ಇನ್ನೊಂದು ಸಾಲಿತ್ತು. ಅಕ್ಷರ ಬಾರದವರ ಪರವಾಗಿ ಮನೆಯ ಗಂಡಸು ಬರೆಯಬೇಕೆನ್ನುವ ಪದ್ಧತಿ ನಿನಗೆ ಗೊತ್ತು. ನಾನು ನಿನ್ನ ಹೆಸರು ಹಾಕಿದ್ದೆ. ಅವಳ ಕೈಗೆ ಧೂಪ ಇಡುವ ಮೊದಲು ಕಾವಲುಗಾರ ಅದನ್ನೂ ಓದಿದ: "'ತಾಯಿಗೆ ಅಕ್ಷರ ಬಾರದ ಕಾರಣ ಮಗ ಪಲೇಮೋನನಾದ ನಾನು ಬರೆದಿದ್ದೇನೆ.'"

ಅವ್ವ ನನ್ನ ಕಡೆ ತಿರುಗಿದಳು. "ಇದು ಅವನ ಕೈಬರಹವೇನೋ ಕೋಪ್ರಿಸ್? ನಿಂಗೆ ಗೊತ್ತಿರತ್ತಲ್ಲ."

ನನ್ನದು ಎಂದಿದ್ದರೆ ಕಣಜದಲ್ಲಿ ಇಬ್ಬರಿಗೂ ಜಾಗವಿತ್ತು. "ಹೌದವ್ವ, ಅವನದೇ" ಎಂದೆ.

ಹಾಳೆ ಇಟ್ಟುಕೊಳ್ಳುತ್ತಿದ್ದ ಸೊಂಟದ ಬಟ್ಟೆಯನ್ನು ಬಿಗಿದು ಕಟ್ಟಿಕೊಂಡಳು. ಆಮೇಲೆ, "ಹಂಗಾದ್ರೆ ಅವನು ಬಿಟ್ಟಿದ್ದನ್ನೂ ಸೇರಿಸಿ ನಾನೇ ಹಿಡ್ಕೋಬೇಕು" ಎಂದು ಬೆಂಕಿಯ ಕಡೆಗೆ ತಾನೇ ನಡೆದಳು.