ವೈಪರ್ ಬಾಟಲಿಯ ತೀರ್ಥ

ತಾಯಲೂರು
೧೪ ನವೆಂಬರ್ ೨೦೨೪

ಪ್ರೀತಿಯ ಅನಿತಕ್ಕನಿಗೆ,

ತ್ರಿವೇಣಿಯ ನಮಸ್ಕಾರಗಳು. ಆಯುಧಪೂಜೆ ಮುಗಿದ ಕೂಡಲೇ ಬರೆಯುತ್ತೇನೆ ಎಂದವಳು ದೀಪಾವಳಿಯನ್ನೂ ದಾಟಿಸಿಬಿಟ್ಟೆ, ಬೈಯಬೇಡಿ. ದಿನಾ ಫೋನಿನಲ್ಲಿ ಮಾತಾಡುವವಳಿಗೆ ಕಾಗದ ಯಾಕೆ ಎಂದು ನಗುತ್ತೀರೇನೋ. ನಮ್ಮ ಮನೆಯ ಫೋನು ನಿಮಗೆ ಗೊತ್ತಲ್ಲ, ಸ್ಪೀಕರ್ ಹಾಕದಿದ್ದರೆ ಅತ್ತೆಗೆ ಸಮಾಧಾನವಿಲ್ಲ. ನೀವು ಮಾಲೂರಿನಲ್ಲಿ ಕೆಮ್ಮಿದರೆ ಇಲ್ಲಿ ಕಷಾಯ ಕುದಿಯುತ್ತದೆ. ಫ್ಯಾಕ್ಟರಿಯಲ್ಲಿ ನಿಮ್ಮ ಕೆಲಸ ಕಾಯಂ ಆಯಿತೆಂದು ಬೀದಿಗೆಲ್ಲ ಸಕ್ಕರೆ ಹಂಚಿದ್ದೂ ಅವರೇ.

ಈಗ ಲಾರಿಯ ಸುದ್ದಿ. ಹೋದ ತಿಂಗಳು ಚೆನ್ನೈಯಲ್ಲಿ ಟೊಮೆಟೊ ಇಳಿಸಿ, ವಾಪಸ್ ಲೋಡು ಹಾಕಿಕೊಂಡು ಬರುವಾಗ ಮೊಗಿಲಿ ಘಾಟಿನ ಏರಿನಲ್ಲಿ ಇಂಜಿನ್ ಕುದಿದು ಬಂಡಿ ನಿಂತುಬಿಟ್ಟಿತು. ಹೌದು ಅಕ್ಕ, ಅದೇ ಘಾಟು. ಮೂರು ವರ್ಷದ ಹಿಂದೆ ಇದೇ ಬಂಡಿ ಹೀಗೇ ಕುದಿದು ನಿಂತಾಗ ವೆಂಕಟ್ ಭಾವ ನೀರಿನ ಕ್ಯಾನು ಹಿಡಿದು ಕೆಳಗಿಳಿದಿದ್ದರು, ಹಿಂದಿನಿಂದ ಬಂದ ಗಾಡಿ ಅವರನ್ನು ಉಳಿಸಲಿಲ್ಲ. ನಿಮ್ಮ ಮೈದುನ ಫೋನ್ ಮಾಡಿ, ರಸ್ತೆ ಬಿಟ್ಟು ತಡೆಗೋಡೆಯಾಚೆ ನಿಂತಿದ್ದೇನೆ, ಹೆದರಬೇಡ ಎಂದರು. ಅವರು ಮನೆ ಸೇರುವವರೆಗೆ ಅತ್ತೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಾರನೆಯ ದಿನವೇ ಹೇಳಿದೆ, ಇದು ಸರಿಹೋಗದೆ ಬಂಡಿ ಮುಳಬಾಗಿಲು ದಾಟಕೂಡದು ಎಂದು. ಅಕ್ರಂನ ರೇಡಿಯೇಟರ್ ಅಂಗಡಿಗೆ ನಾನೇ ಜೊತೆಗೆ ಹೋದೆ. ಇವರೊಬ್ಬರನ್ನೇ ಕಳಿಸಿದರೆ ಅಂಗಡಿಯವರು ತೋರಿಸಿದ್ದಕ್ಕೆಲ್ಲ ತಲೆಯಾಡಿಸಿ ಟೀ ಕುಡಿದು ಬರುತ್ತಾರೆ. ಹೊಸ ಸಾಮಾನಿಗೆ ಅರಿಶಿನ ಕುಂಕುಮ ಇಡಬೇಕೆಂದು ಅತ್ತೆಯೂ ಹೊರಟರು.

ಮನೆಗೆ ಸೊಸೆ ತರುವಾಗಲೂ ಇಷ್ಟು ಚರ್ಚೆ ನಡೆದಿರಲಿಲ್ಲ ಅಕ್ಕ. ಅಲ್ಯೂಮಿನಿಯಂ ರೇಡಿಯೇಟರ್ ಹಗುರ, ಬೇಗ ತಣಿಸುತ್ತದೆ. ಆದರೆ ಅದರ ಪ್ಲಾಸ್ಟಿಕ್ ತೊಟ್ಟಿ ದಾರಿಯಲ್ಲಿ ಸೀಳಿದರೆ ಇಡೀ ರೇಡಿಯೇಟರನ್ನೇ ಬದಲಿಸಬೇಕು. ತಾಮ್ರ ಹಿತ್ತಾಳೆಯದು ಭಾರ, ಎಲ್ಲಿ ಬೇಕಾದರೂ ಬಿಚ್ಚಿ ತೊಳೆದು ಬೆಸುಗೆ ಹಾಕಿಸಬಹುದು. ನಮ್ಮ ಹಳೇ ಬಂಡಿಗೆ ತಾಮ್ರದ್ದೇ ಇರಲಿ ಎಂದೆ. ವಾಟರ್ ಪಂಪು ತೊಟ್ಟಿಕ್ಕುತ್ತಿತ್ತು, ಅದನ್ನೂ ಬದಲಿಸಿದೆವು. ಹೋಸ್ ಪೈಪು, ಬೆಲ್ಟು, ಮುಚ್ಚಳವೂ ಹೊಸದೇ. ಇಂಜಿನ್ ಬಿಸಿಯಾದ ಮೇಲಷ್ಟೇ ನೀರಿಗೆ ದಾರಿ ಬಿಡುವ ವಾಲ್ವ್ ಒಂದಿದೆಯಲ್ಲ, ಎಲ್ಲ ಡ್ರೈವರುಗಳ ಹಾಗೆ ಅದನ್ನು ಕಿತ್ತೆಸೆ ಎಂದರು ನಿಮ್ಮ ಮೈದುನ. ಅದಿಲ್ಲದಿದ್ದರೆ ಇಂಜಿನ್ ಬೆಚ್ಚಗಾಗದೆ ಸುಮ್ಮನೆ ಡೀಸೆಲ್ ಕುಡಿಯುತ್ತದೆ ಎಂದು ಅಕ್ರಂ ಹೇಳಿದ್ದೇ ತಡ, ಹಾಕು ಎಂದೆ. ಇವರು ಮೂತಿ ಊದಿಸಿಕೊಂಡು ಹೊರಗೆ ಹೋಗಿ ನಿಂತರು.

ಹಳೆಯದನ್ನು ಅಕ್ರಂ ಬಿಚ್ಚಿದಾಗ ಬೋರ್‌ವೆಲ್ ನೀರಿನ ಉಪ್ಪು ಹೆಪ್ಪುಗಟ್ಟಿ ಒಳಗಿನ ಕೊಳವೆಗಳೆಲ್ಲ ಮುಚ್ಚಿದ್ದವು. ತಳ ಕೆರೆದರೆ ಉದುರಿದ್ದು ಅಕ್ಕಿ, ಅರಿಶಿನ ಹತ್ತಿದ ಅಕ್ಷತೆ. ಬಂಡಿ ಕೊಂಡಾಗಿನಿಂದ ಪ್ರತಿ ಅಮಾವಾಸ್ಯೆ ಪೂಜೆಯ ನಂತರ ಕಲಶದ ನೀರನ್ನು ಅತ್ತೆ ರೇಡಿಯೇಟರಿಗೇ ಸುರಿಯುತ್ತಿದ್ದರಲ್ಲ. ಅಮ್ಮ ನನ್ನ ಬಂಡಿಗೂ ಊಟ ಹಾಕುತ್ತಾಳೆ ಎಂದು ಭಾವ ರೇಗಿಸುತ್ತಿದ್ದದ್ದು ನೆನಪಾಯಿತು. ನನಗೆ ನಗು ಬಂತು, ತಿರುಗಿದರೆ ಅತ್ತೆ ಬೆಂಚಿನಿಂದ ಎದ್ದು ಬಂದು ಹಿಂದೆಯೇ ನಿಂತಿದ್ದಾರೆ. ಒಂದು ಕಾಳು ಎತ್ತಿಕೊಂಡು ಏನೋ ಕೇಳಿದರು, ನಾನು ಉತ್ತರ ಕೊಟ್ಟೆ. ಆ ಮಾತನ್ನು ಕೊನೆಗೆ ಬರೆಯುತ್ತೇನೆ.

ಇನ್ನು ಮುಂದೆ ಇದಕ್ಕೆ ಕೂಲಂಟ್ ಬಿಟ್ಟು ಒಂದು ಹನಿ ನೀರೂ ಬೇಡ ಎಂದ ಅಕ್ರಂ. ಅತ್ತೆ ಸಪ್ಪಗಾಗಿ, "ಹಂಗಾದ್ರೆ ನನ್ ಮಗನ್ ಜೊತೆ ನಾನೇನ್ ಕಳಿಸ್ಲಿ?" ಎಂದರು. ಹೊರಗೆ ಮುನಿಸಿಕೊಂಡು ನಿಂತಿದ್ದ ನಿಮ್ಮ ಮೈದುನ ಒಳಗೆ ಬಂದು, ಗಾಜು ತೊಳೆಯುವ ವೈಪರ್ ಬಾಟಲಿಯನ್ನು ತೋರಿಸಿದರು. ಅಕ್ಷತೆ ತೆಗೆದು, ಬಟ್ಟೆಯಲ್ಲಿ ಸೋಸಿ ಇದಕ್ಕೆ ಹಾಕಮ್ಮ ಎಂದರು. ಅತ್ತೆ ಸ್ವಲ್ಪ ಯೋಚಿಸಿ, "ಇದೇ ವಾಸಿ ಕಣೋ ನರೇಶ. ಅಲ್ಲಾದ್ರೆ ಒಳಗೆಲ್ಲೋ ಇರ್ತಿತ್ತು, ಇಲ್ಲಿ ನಿನ್ ಕಣ್ಮುಂದೇನೇ ಇರುತ್ತೆ" ಎಂದರು. ಇವರ ತಲೆಗೆ ಇಂಥ ಉಪಾಯ ಹೊಳೆಯುತ್ತದೆಂದು ನಾನು ಕನಸಿನಲ್ಲೂ ನೆನೆಸಿರಲಿಲ್ಲ.

ಮೊದಲ ಟ್ರಿಪ್ಪಿನಲ್ಲೇ ಟೋಲ್ ಹತ್ತಿರ ನೀರು ಚಿಮ್ಮಿಸಿ ಗಾಜೆಲ್ಲ ಹಳದಿ ಮಾಡಿಕೊಂಡರಂತೆ. ಬರುವಾಗ ತುಂಬಿದ ಲೋಡಿನಲ್ಲಿ ಮೊಗಿಲಿ ಏರು ಹತ್ತಿ, ಮೇಲೆ ನಿಲ್ಲಿಸಿ ಫೋನ್ ಮಾಡಿದರು. ಬಿಸಿ ತೋರಿಸುವ ಮುಳ್ಳು ಮಧ್ಯದಿಂದ ಅಲ್ಲಾಡಲೇ ಇಲ್ಲವಂತೆ. ಸ್ಪೀಕರಿನಲ್ಲಿ ಅದನ್ನು ಕೇಳಿಸಿಕೊಂಡ ಮೇಲೆಯೇ ಅತ್ತೆ ಮುದ್ದೆಗೆ ಕೈ ಹಾಕಿದ್ದು. ನಾನೂ ಅವತ್ತು ಹೊಟ್ಟೆ ತುಂಬ ಉಂಡೆ. ಮನೆ ಈಗ ನೆಮ್ಮದಿಯಾಗಿದೆ ಅಕ್ಕ.

ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಗಳು ಗಂಗಾಳಿಗೆ ಚಿಕ್ಕಮ್ಮನ ಮುದ್ದು, ಚೆನ್ನಾಗಿ ಓದಿ ನೂರು ಕಾಲ ಬಾಳಲಿ. ನಿಮ್ಮ ಆಶೀರ್ವಾದ ನಮ್ಮ ಮೇಲೂ ನಮ್ಮ ಬಂಡಿಯ ಮೇಲೂ ಇರಲಿ.

ಇಂತಿ ನಿಮ್ಮ ತಂಗಿಯಂಥ ವಾರಗಿತ್ತಿ,
ತ್ರಿವೇಣಿ

ಮ.ಸೂ.: ಈ ಮಾತಿಗಾಗಿಯೇ ಇಷ್ಟುದ್ದ ಬರೆದೆ. ಅಂಗಡಿಯಲ್ಲಿ ಅತ್ತೆ ಆ ಅಕ್ಕಿಕಾಳನ್ನು ಅಂಗೈಯಲ್ಲಿಟ್ಟುಕೊಂಡು, "ವೆಂಕಟ ಹೋದಾಗ್ಲೂ ಬಂಡೀಲಿ ಇದೇ ಇತ್ತೇನೇ?" ಎಂದು ಕೇಳಿದರು. ಇಲ್ಲ ಅತ್ತೆ, ಆಮೇಲೆ ಬೇರೆ ಹಾಕಿಸಿದ್ದು ಎಂದೆ. ಅಕ್ರಂ ತಲೆಯೆತ್ತದೆ, ಹೌದಮ್ಮಾ, ನಾನೇ ಹಾಕಿದ್ದು ಎಂದ. ಅದೇ ರೇಡಿಯೇಟರ್ ಅಕ್ಕ. ಭಾವನ ಕಾರ್ಯ ಮುಗಿದ ಮೇಲೆ ಅದಕ್ಕೆ ಹೊರಗಿನಿಂದಷ್ಟೇ ಬೆಸುಗೆ ಹಾಕಿಸಿದಾಗ ನೀವೂ ಪಕ್ಕದಲ್ಲೇ ನಿಂತಿದ್ದಿರಿ. ಅಂದು ಕುದಿದದ್ದು ಅಕ್ಕಿಯಿಂದಲೇ ಎಂದು ಯಾರೂ ಹೇಳಲಾರರು, ಉಪ್ಪೂ ಇತ್ತು. ಅಲ್ಲ ಎಂದೂ ಹೇಳಲಾರರು. ಅತ್ತೆ ನನ್ನನ್ನು ನಂಬಿದರೋ ಇಲ್ಲವೋ ತಿಳಿಯದು. ಗಂಗಾಳನ್ನು ನೋಡಬೇಕೆಂದು ಈ ಭಾನುವಾರ ನಿಮ್ಮಲ್ಲಿಗೆ ಹೊರಟಿದ್ದಾರೆ. ಕಳೆದುಕೊಂಡವರು ನೀವು, ಇದನ್ನು ಓದಿ ಕೋಪ ಬಂದರೆ ನನ್ನ ಮೇಲೆ ತೀರಿಸಿಕೊಳ್ಳಿ. ಅವರು ಕೇಳಿದರೆ ಮಾತ್ರ, ಆಮೇಲೆ ಬೇರೆ ಹಾಕಿಸಿದ್ದು ಎಂದುಬಿಡಿ ಅಕ್ಕ.