ಐಸ್ ಫ್ಯಾಕ್ಟರಿಯ ಪಾಠ

ಅಮರಯ್ಯ ಕಾಕಾ,

ಕುಮುದಾಳ ನಮಸ್ಕಾರ. ಫೋನ್ ಮಾಡಿದರೆ ಕಟ್ ಮಾಡುತ್ತೀರಿ, ಅದಕ್ಕೇ ಈ ಕಾಗದ. ಒಂದೇ ಊರೊಳಗೆ ಕಾಚಿಗೂಡದಿಂದ ದಿಲ್‌ಸುಖ್‌ನಗರಕ್ಕೂ ಅಂಚೆಯೇ ಅಂತ ನಗಬೇಡಿ. ಸಿಟ್ಟಿದ್ದರೂ ಪೂರ್ತಿ ಓದಿ.

ಹಿಮಾಲಯ ಹತ್ತಿಸುವ ಮೊದಲು ನೀವು ನಮ್ಮ ಟ್ರೆಕ್ಕಿಂಗ್ ಕ್ಲಬ್ಬಿನವರನ್ನೆಲ್ಲ ಐಸ್ ಫ್ಯಾಕ್ಟರಿಗೆ ನುಗ್ಗಿಸುತ್ತಿದ್ದಿರಿ. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ಹಲ್ಲು ಕಟಕಟ. ಕೈಗವಸು ತೆಗೆಯದೆ ಬೂಟಿನ ಲೇಸು ಹತ್ತು ಸಲ ಕಟ್ಟಬೇಕು. "ಗ್ಲೌಸ್ ತೆಗದ್ರ ನಿಮ್ಮ ಹೆಸರು ಹೊಡದ ಹಾಕ್ತೀನಿ ನೋಡ್ರಿ!" ಅಂತ ಗದರುತ್ತಿದ್ದಿರಿ. ಬ್ಯಾಂಕಿನವರು, ಮಾಸ್ತರರು ಎಲ್ಲರೂ ಗೊಣಗುತ್ತಲೇ ಕಲಿತರು.

ಕ್ಲಬ್ ನನ್ನ ಕೈಗೆ ಬರುವ ಹೊತ್ತಿಗೆ ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಮಂದಿ ಬರತೊಡಗಿದ್ದರು. "ಟೆಂಟಿನಾಗ ಬಿಸಿನೀರು ಸಿಗತೈತೇನ್ರಿ? ತುದಿ ಮುಟ್ಟೋದು ಗ್ಯಾರಂಟಿ ಏನ್ರಿ?" ಸೋಮಾರಿಗಳಲ್ಲ ಕಾಕಾ ಅವರು. ಜಿಮ್ಮಿನಲ್ಲಿ ಬೆವರು ಸುರಿಸುತ್ತಾರೆ, ಬೆಟ್ಟದ ಹವಾಮಾನವನ್ನು ಕಂಪ್ಯೂಟರಿನಲ್ಲಿ ನೋಡಿ ನನಗೇ ಹೇಳುತ್ತಾರೆ. ರಜೆ ಮಾತ್ರ ಎಣಿಸಿದಷ್ಟು. ಐಸ್ ಫ್ಯಾಕ್ಟರಿ ಅಂದರೆ ನಕ್ಕರು. ನಾನೂ ನಕ್ಕು ಆ ಪಾಠ ಕೈಬಿಟ್ಟೆ. "ಹಂಗಾದ್ರ ನನಗೇನೂ ಕೆಲಸಿಲ್ಲವ್ವಾ ಇಲ್ಲಿ" ಅಂದು ನೀವು ಎದ್ದು ಹೋದಿರಿ.

ಕಳೆದ ತಿಂಗಳು ಹಿಮದಲ್ಲಿ ಪಿಂಕಿ ಎಂಬ ಹುಡುಗಿಯ ಲೇಸು ಬಿಚ್ಚಿತು. ಕಟ್ಟಲು ಕೈಗವಸು ತೆಗೆದಳು, ಗಾಳಿ ಅದನ್ನು ಹಾರಿಸಿಕೊಂಡು ಹೋಯಿತು. ಹಿಂದುಳಿದವರ ಜೊತೆಗಿದ್ದ ನಾನು ಓಡಿ ಬರುವಷ್ಟರಲ್ಲಿ ಬೆರಳು ಸುಣ್ಣದಂತೆ ಬೆಳ್ಳಗಾಗಿದ್ದವು. ಜೊತೆಯವರು ತಿಕ್ಕಲು ಹೊರಟಿದ್ದರು. "ತಿಕ್ಕಬ್ಯಾಡ್ರಿ, ಬಗಲಾಗ ಇಟ್ಕೋರಿ" ಎಂಬ ನಿಮ್ಮ ಮಾತೇ ನನ್ನ ಬಾಯಿಗೆ ಬಂತು. ಅವಳ ಕೈ ನನ್ನ ಬಗಲಲ್ಲಿಟ್ಟುಕೊಂಡು ಕೂತೆ. ಅವಳು ನೋವಿಗೆ ಅತ್ತಳು, ನಾನು ನಾಚಿಕೆಗೆ ಅತ್ತೆ.

ಬೆರಳು ಉಳಿದವು. ಎರಡರ ತುದಿಗೆ ಮಾತ್ರ ಇನ್ನೂ ಮುಟ್ಟಿದ್ದು ತಿಳಿಯುವುದಿಲ್ಲ; ಕಾಯಬೇಕು ಅನ್ನುತ್ತಾರೆ ಡಾಕ್ಟರು. ಮೊನ್ನೆ ಮನೆಗೆ ಹೋದರೆ ಪಿಂಕಿ ಬೈಯಲೂ ಇಲ್ಲ. "ಅಕ್ಕಾ, ನಿಮಗ ಗೊತ್ತಿತ್ತಲ್ಲ, ನಮಗ್ಯಾಕ ಕಲಿಸಲಿಲ್ಲ?" ಅಂದಳು.

ತಪ್ಪು ನನ್ನದೇ. ಮುಂದಿನ ತಂಡಕ್ಕೆ ಹದಿನೆಂಟು ಹೆಸರು ಬಂದಿವೆ. ನೀವು ಬಂದು ಕಲಿಸಿ ಹೂಂ ಅನ್ನುವ ತನಕ ಒಬ್ಬರನ್ನೂ ರೈಲು ಹತ್ತಿಸುವುದಿಲ್ಲ. ಎಲ್ಲರೆದುರೇ ನನ್ನನ್ನು ಬೈಯಿರಿ, ಪರವಾಗಿಲ್ಲ. ಪಿಂಕಿಯೂ ಬರುತ್ತಾಳಂತೆ. ಎಂಟು ಬೆರಳಿನಲ್ಲಿ ಗಂಟು ಹಾಕುವುದು ನನಗೆ ಗೊತ್ತಿಲ್ಲ, ನೀವೇ ಕಲಿಸಬೇಕು.

ನಿಮ್ಮ ಮೊಣಕಾಲು ನೋವು ಬೇಗ ಇಳಿಯಲಿ, ಸಿಟ್ಟು ಅದಕ್ಕಿಂತ ಬೇಗ.

ನಿಮ್ಮ ಮಗಳಂಥ
ಕುಮುದಾ